ಅರವತ್ತೈದರ ಗೆರೆ

ವಾಮಂಜೂರು
೧೧ ಜನವರಿ ೨೦೨೬, ಭಾನುವಾರ

(ಕೂಟದಲ್ಲಿ ಮನ್ವಿತಾ ಓದಿ ಹೇಳಬೇಕು. ಒಂದು ಪ್ರತಿ ಒಮಾನಿನ ಸೊಹಾರ್‌ನಲ್ಲಿರುವ ರೂಪೇಶನ ಅಕ್ಕ ಅಶ್ಮಿತಾಳಿಗೆ.)

ಭಾನುವಾರದ ಗಣಿತ ಕೂಟಕ್ಕೆ ಬಂದು ಕುಳಿತಿರುವ ಎಲ್ಲರಿಗೂ ನನ್ನ ನಮಸ್ಕಾರ. ತಮ್ಮ ಅಂಗಡಿಯ ಮೇಲಿನ ಕೋಣೆಯನ್ನು ವರ್ಷಗಳಿಂದ ನಮಗೆ ಬಿಟ್ಟುಕೊಟ್ಟಿರುವ ಎಡ್ವಿನ್ ಅವರಿಗೂ, ಬಿಡುವಿನ ದಿನದಲ್ಲಿಯೂ ಮಕ್ಕಳನ್ನು ನನ್ನ ಲೆಕ್ಕಗಳಿಗೆ ಒಪ್ಪಿಸುವ ನಿಮ್ಮ ಮನೆಗಳ ಹಿರಿಯರಿಗೂ ಮೊದಲು ಕೃತಜ್ಞತೆ ಹೇಳುತ್ತೇನೆ. ಇಂದು ನಾನು ನಿಮ್ಮೆದುರು ಇಲ್ಲ. ಪಣಂಬೂರಿನಲ್ಲಿ ರೂಪೇಶನ ತಂದೆ ಬೋಜ ಅವರ ಮನೆಯಲ್ಲಿದ್ದೇನೆ. ಅದಕ್ಕಾಗಿ ಈ ಪತ್ರ.

ಹೊಸಬರಿಗಾಗಿ ವಿಷಯವನ್ನು ಮೊದಲಿನಿಂದ ಹೇಳುತ್ತೇನೆ. ರೂಪೇಶ್ ಎಂಟನೆಯ ತರಗತಿಯಿಂದ ಈ ಕೂಟದವನು, ಈಗ ಬಿ.ಎಸ್‌ಸಿ. ಕೊನೆಯ ವರ್ಷ. ಹಾಜರಾತಿ ಸಾಲದೆಂದು ಈ ಸಲ ಅವನಿಗೆ ಪರೀಕ್ಷೆಗೆ ಕೂರಲು ಬಿಡಲಿಲ್ಲ. ಮನೆಯಲ್ಲಿ ಅದನ್ನು ಹೇಳಲಾಗದೆ ಅವನು ಪರೀಕ್ಷೆಯ ಪ್ರತಿ ದಿನವೂ ಇಸ್ತ್ರಿಯ ಅಂಗಿ ತೊಟ್ಟು, ತಾಯಿಯ ಕಾಲು ಮುಟ್ಟಿ, ಬಸ್ಸು ಹತ್ತಿದ್ದಾನೆ. ಕೊನೆಯ ಪರೀಕ್ಷೆಯ ದಿನ ಹಿಂತಿರುಗಲಿಲ್ಲ. ದಿಂಬಿನ ಕೆಳಗೆ ‘ನನ್ನನ್ನು ಹುಡುಕಬೇಡಿ’ ಎಂದು ಬರೆದಿಟ್ಟಿದ್ದ. ಫೋನ್ ಅಂದಿನಿಂದ ಸ್ವಿಚ್ ಆಫ್. ಪೊಲೀಸರಿಗೆ ದೂರು ಕೊಟ್ಟಾಗಿದೆ. ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುತ್ತಿಲ್ಲ. ನಾನೂ ಇಲ್ಲಿ ಬರೆಯುವುದಿಲ್ಲ.

ಆದರೆ ಗುರುವಾರ ಸಂಜೆ ಮನ್ವಿತಾ ನನಗೆ ಫೋನ್ ಮಾಡಿದಳು. ನೀವೆಲ್ಲ ಆನ್‌ಲೈನಿನಲ್ಲಿ ಆಡುವ, ‘ದ್ವೀಪ’ ಎಂದು ಕರೆಯುವ ಆ ಆಟದಲ್ಲಿ ರೂಪೇಶನ ಹೆಸರಿನ ಪಕ್ಕ ಹಸಿರು ದೀಪ ಹತ್ತಿತ್ತಂತೆ. ಕಾಲು ಗಂಟೆ ಉರಿದು ಆರಿತಂತೆ. ನಮ್ಮವರ ಸಂದೇಶಗಳು ತಲುಪದಂತೆ ಅವನು ತಡೆದಿದ್ದಾನೆ. ಅವನ ಎದುರು ನಿಂತರೆ ಮಾತ್ರ ಮಾತಾಡಬಹುದು. ಹಿಮ ಬೀಳುವ ಅಷ್ಟು ದೊಡ್ಡ ದ್ವೀಪದಲ್ಲಿ ಅವನು ಎಲ್ಲಿ ನಿಂತಿದ್ದಾನೆ?

ಇದಕ್ಕೆ ನಿಮ್ಮಲ್ಲೊಬ್ಬನಾದ ಮೋಕ್ಷಿತ್ ವಿವರಿಸಿದ ಒಂದು ನಿಯಮ ದಾರಿ ತೋರಿಸುತ್ತದೆ. ಋತುವಿನ ಈ ಕೊನೆಯ ತಿಂಗಳಲ್ಲಿ ಒಲೆಗೆ ಉತ್ತಮ ದರ್ಜೆಯ ಅದಿರು ಹಾಕದವನು ಚಳಿಗೆ ಸಾಯುತ್ತಾನೆ. ಹಳೆಯ ಗಣಿಗಳೆಲ್ಲ ದೊಡ್ಡ ತಂಡಗಳ ಕೈಯಲ್ಲಿವೆ. ಒಬ್ಬಂಟಿಯಾದವನು ಹೊಸ ಜಾಗ ಹುಡುಕಲೇಬೇಕು. ನೆಲಕ್ಕೆ ರಾಡ್ ಚುಚ್ಚಿದರೆ ಆ ಒಂದು ಜಾಗದ ಅದಿರಿನ ಗುಣ ಎಷ್ಟೆಂದು, ಸೊನ್ನೆಯಿಂದ ನೂರರೊಳಗಿನ ಒಂದು ಸಂಖ್ಯೆ ಬರುತ್ತದೆ. ನಾಲ್ಕಾರು ಸಲ ಚುಚ್ಚುವುದರೊಳಗೆ ರಾಡ್ ಮುರಿಯುವುದರಿಂದ ಕಂಡಕಂಡಲ್ಲಿ ಚುಚ್ಚುತ್ತ ಹೋಗಲಾಗದು. ಅಲ್ಲಿಗೆ ಗಣಿತ ಬೇಕು.

ಕಣ್ಣು ಕಟ್ಟಿಕೊಂಡು ಬಂದರಿನ ದಕ್ಕೆಗೆ, ದೋಣಿಗಳು ಮೀನು ಇಳಿಸುವ ಕಟ್ಟೆಗೆ, ಹೋಗುವುದು ಹೇಗೆಂದು ನಾನು ಇದೇ ಕೋಣೆಯಲ್ಲಿ ಒಮ್ಮೆ ಕೇಳಿದ್ದೆ. “ಮೀನಿನ ವಾಸನೆ ಜಾಸ್ತಿ ಆಗುವ ಕಡೆ ನಡೆಯುದು ಸರ್” ಎಂದವನು ರೂಪೇಶ್. ಅಲ್ಲಿಂದಲೇ ನಾವು ಚದುರಿದ ಕೆಲವು ಅಳತೆಗಳನ್ನು ಕಾಗದದ ಮೇಲೆ ಗುರುತಿಸಿ, ಸಮಾನ ಸಂಖ್ಯೆಗಳನ್ನು ಗೆರೆಯಿಂದ ಸೇರಿಸಿ, ಆ ಗೆರೆಗಳಿಗೆ ಹೊಂದುವ ಸೂತ್ರ ಕಟ್ಟಿ, ಕಾಣದ ಶಿಖರವನ್ನು ಲೆಕ್ಕದಿಂದ ಹಿಡಿಯುವುದನ್ನು ಕಲಿತೆವು. ಅವನಿಗೆ ಆ ದಾರಿ ಗೊತ್ತು. ನಾವೂ ಅದೇ ಲೆಕ್ಕ ಮಾಡಿದರೆ ಅವನಿರುವಲ್ಲಿಗೆ ತಲುಪಬಹುದು ಎಂದು ನಾನು ನಂಬಿದ್ದೇನೆ.

ಫೆಬ್ರುವರಿ ಹದಿನೈದರ ಸಂಜೆ ಈ ಋತು ಮುಗಿದು ದ್ವೀಪ ಅಳಿಸಿಹೋಗುತ್ತದೆ. ಆಮೇಲೆ ಯಾರು ಯಾವ ದ್ವೀಪಕ್ಕೆ ಹೋದರೆಂದು ತಿಳಿಯುವ ಉಪಾಯವಿಲ್ಲ. ಅದಕ್ಕೆ ಮೊದಲು ನಾವು ಮುಟ್ಟಬೇಕು.

ನಿಮ್ಮ,
ಚಿತ್ತರಂಜನ ಶೆಟ್ಟಿ


ಸೊಹಾರ್
೧೩ ಜನವರಿ ೨೦೨೬

ಚಿತ್ತರಂಜನ ಸರ್ ಅವರಿಗೆ,

ನಮಸ್ಕಾರ. ನಿಮ್ಮ ಪತ್ರವನ್ನು ಊಟದ ಬಿಡುವಿನಲ್ಲಿ ಓದಿದೆ. ಸಿಟ್ಟು ಬಂತು, ಕ್ಷಮಿಸಿ. ಪೊಲೀಸರು ಫೋನಿನ ಟವರ್ ಹಿಡಿದು ಹುಡುಕುತ್ತೇವೆ ಎನ್ನುತ್ತಾರೆ. ಅಮ್ಮ ದೈವದ ಮುಂದೆ ಹೇಳಿಕೊಂಡಿದ್ದಾರೆ. ನೀವು ಆಟದಲ್ಲಿ ಹುಡುಕುತ್ತೇನೆ ಎನ್ನುತ್ತೀರಿ. ಆ ಆಟವೇ ಅಲ್ಲವೇ ಸರ್ ಅವನನ್ನು ತಿಂದದ್ದು? ಕ್ಲಾಸಿಗೆ ಹೋಗದೆ ಅವನು ಕೂತದ್ದು ಅದರ ಎದುರಿಗೇ ಅಲ್ಲವೇ?

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಸಂಖ್ಯೆಗಳ ನಡುವೆಯೇ ನನ್ನ ದಿನ ಕಳೆಯುವುದು. ಸಂಖ್ಯೆ ಮನುಷ್ಯನಲ್ಲ ಎಂದು ನನಗೆ ಗೊತ್ತುಂಟು.

ಪರೀಕ್ಷೆಯ ಆ ದಿನಗಳಲ್ಲಿ ಒಮ್ಮೆ ಅವನೇ ನನಗೆ ಫೋನ್ ಮಾಡಿದ್ದ. ಎಕ್ಸಾಮ್ ಒಳ್ಳೆದಾಯ್ತು ಎಂದ. ನಾನು ಯಾವಾಗಲೂ ಕೇಳುವುದನ್ನೇ ತುಳುವಿನಲ್ಲಿ ಕೇಳಿದೆ: “ವನಸ್ ಆಂಡಾ?” ಊಟ ಆಯಿತಾ ಎಂದು. “ಆಂಡ್” ಎಂದ. ಆಯಿತು ಎಂದು. ಅಷ್ಟೇ. ಈಗ ಅನಿಸುತ್ತದೆ, ಅವನು ಅವತ್ತು ಎಲ್ಲೋ ಬಸ್‌ಸ್ಟ್ಯಾಂಡಿನಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತಿದ್ದ. ನನಗೆ ಸ್ವರದಲ್ಲಿ ಗೊತ್ತಾಗಲಿಲ್ಲ.

ರಜೆ ಕೇಳಿದ್ದೇನೆ. ಮಾರ್ಚಿಗೆ ಮೊದಲು ಸಿಗುವುದಿಲ್ಲವಂತೆ. ನೀವು ಏನು ಮಾಡಿದರೂ ಸರಿ, ಆದರೆ ನಡೆದದ್ದನ್ನೆಲ್ಲ ನನಗೆ ತಿಳಿಸಿ.

ಅಶ್ಮಿತಾ


ವಾಮಂಜೂರು
೧೮ ಜನವರಿ ೨೦೨೬

ಮಗಳೇ ಅಶ್ಮಿತಾ,

ನಿನ್ನ ಸಿಟ್ಟು ನ್ಯಾಯವಾದದ್ದು. ಅದಕ್ಕೆ ನಾನು ಎದುರು ಮಾತನಾಡುವುದಿಲ್ಲ. ಮುಳುಗಿದವನನ್ನು ಹುಡುಕುವವರು ನೀರಿಗೇ ಇಳಿಯಬೇಕಾಗುತ್ತದೆ ಎಂದಷ್ಟೇ ಹೇಳುತ್ತೇನೆ.

ನಿನ್ನ ತಂದೆಯನ್ನು ಕಂಡೆ. ಜಗಲಿಯಲ್ಲಿ ರೂಪೇಶನ ಹೆಲ್ಮೆಟ್ ಇತ್ತು. ಅವರು ಅದನ್ನು ಒಂದು ಸಲ ಎತ್ತಿ ಒರೆಸಿ ಅಲ್ಲಿಯೇ ಇಟ್ಟರು. ಬಂದರಿನಲ್ಲಿ ಅಷ್ಟು ವರ್ಷ ಕ್ರೇನ್ ನಡೆಸಿದವರು, ಅದರ ಪಟ್ಟಿಯನ್ನು ಎರಡು ಸಲ ನೆಟ್ಟಗೆ ಮಾಡಿದರು. ಮಗನನ್ನು ಬೈದಿದ್ದಿರಾ ಎಂದು ನಾನು ಕೇಳಲಿಲ್ಲ; ಅವರೇ ಹೇಳಿದರು, ಬೈಯಲಿಕ್ಕೆ ತಮಗೆ ವಿಷಯವೇ ಗೊತ್ತಿರಲಿಲ್ಲವಂತೆ. ಹೊರಡುವಾಗ ಗೇಟಿನವರೆಗೆ ಬಂದು ಹೇಳಿದರು:

“ಅವ ಪಾಸಾಗ್ಲಿ, ಫೇಲಾಗ್ಲಿ, ಎಂತ ಬೇಕಾದ್ರೂ ಆಗ್ಲಿ ಮಾಸ್ಟ್ರೇ. ಊಟಕ್ಕೆ ಬರ್ಲಿ. ಅಷ್ಟೇ.”

ಇನ್ನು ದ್ವೀಪದ ಸಮಾಚಾರ. ಈ ವಯಸ್ಸಿನಲ್ಲಿ ನಾನೂ ಆಟಕ್ಕಿಳಿದೆ. ಮೊದಲ ದಿನ ಹಿಮದಲ್ಲಿ ನಿಂತು ದಿಕ್ಕು ಲೆಕ್ಕ ಹಾಕುತ್ತಿರುವಾಗ ಕಾಡುಹಂದಿ ಬಂದು ನನ್ನನ್ನು ಕೊಂದಿತು. “ಸರ್, ನಿಂತು ಯೋಚಿಸ್ಬೇಡಿ, ಓಡಿ ಮಾರಾಯ್ರೆ” ಎಂದು ಮೋಕ್ಷಿತ್ ಕೂಗಿದ್ದು ಕೇಳಿಸಿತ್ತು. ಆದರೆ ಓಡುವ ಗುಂಡಿ ಯಾವುದೆಂದು ನನಗೆ ತಿಳಿದಿರಲಿಲ್ಲ. ನನ್ನ ಹೆಂಡತಿ ವಿನೋದಾ ಬಾಗಿಲಲ್ಲಿ ನಿಂತು ನಕ್ಕಳು. ಈ ಮನೆಯಲ್ಲಿ ಈ ತಿಂಗಳು ಕೇಳಿದ ಮೊದಲ ನಗು ಅದು.

ಮಕ್ಕಳು ಪಾಳಿಯಲ್ಲಿ ಹೋಗಿ ಅಳತೆ ತರುತ್ತಿದ್ದಾರೆ. ದ್ವೀಪದ ಪೂರ್ವ ಅಂಚಿನಲ್ಲಿ ಮೂವತ್ತರ ಆಸುಪಾಸು, ನಡುವೆ ಐವತ್ತು, ಉತ್ತರಕ್ಕೆ ಹೋದಂತೆ ಎಪ್ಪತ್ತು ದಾಟುತ್ತದೆ. ನನ್ನ ಮೇಜಿನ ಮೇಲಿನ ಕಾಗದದಲ್ಲಿ ಗೆರೆಗಳು ಒಂದರೊಳಗೊಂದು ಕೂಡುತ್ತಿವೆ. ಧೈರ್ಯದಿಂದಿರು.

ಚಿತ್ತರಂಜನ


ಸೊಹಾರ್
೨೧ ಜನವರಿ ೨೦೨೬

ಸರ್,

ನಿನ್ನೆ ಮತ್ತೆ ದೀಪ ಹತ್ತಿತ್ತು ಎಂದು ಮನ್ವಿತಾ ಮೆಸೇಜ್ ಮಾಡಿದಳು. ಕೈಯಲ್ಲಿ ಸ್ಯಾಂಪಲ್ ಇತ್ತು. ಅದನ್ನು ಜಾಗ್ರತೆಯಲ್ಲಿ ಸ್ಟ್ಯಾಂಡಿಗೆ ಇಟ್ಟು, ಕೈಗವಸು ಕಳಚಿ, ಹೊರಗೆ ಹೋಗಿ ಅತ್ತೆ. ಆಮೇಲೆ ಬಂದು ಕೆಲಸ ಮುಗಿಸಿದೆ.

ಅಮ್ಮನಿಗೆ ಹೇಳಿದೆ. ‘ದೀಪ ಎಂತಕ್ಕೆ ಹತ್ತುದು, ಅವನಿಗೆ ಅಲ್ಲಿ ಊಟ ಕೊಡ್ತಾರಾ?’ ಎಂದು ಕೇಳಿದರು. ಏನು ಹೇಳಲಿ?

ನಿಮ್ಮ ಗೆರೆಗಳ ಫೋಟೋ ಕಳಿಸಿ ಸರ್. ನನಗೆ ಅರ್ಥ ಆಗಬೇಕೆಂದಿಲ್ಲ. ನೋಡುತ್ತ ಕೂತರೂ ಸಾಕು. ಮೊದಲ ಪತ್ರದಲ್ಲಿ ಸಿಟ್ಟಿನಲ್ಲಿ ಬರೆದದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡಿ.

ಅಶ್ಮಿತಾ


ವಾಮಂಜೂರು
೨೭ ಜನವರಿ ೨೦೨೬

ಪ್ರಿಯ ಅಶ್ಮಿತಾ,

ತಡವಾದುದಕ್ಕೆ ಕ್ಷಮೆಯಿರಲಿ. ಶನಿವಾರ ನಿನ್ನ ತಂದೆಯೊಂದಿಗೆ ಒಂದು ಕೆಲಸದ ಮೇಲೆ ಹೊರಗೆ ಹೋಗಬೇಕಾಯಿತು. ಆಮೇಲೆ ಎರಡು ದಿನ ನನಗೆ ಮೈ ಸರಿಯಿರಲಿಲ್ಲ. ವಿಶೇಷವೇನೂ ಇಲ್ಲ.

ಸೂತ್ರ ಹೊಂದಿತು. ಶಿಖರ ಉತ್ತರದ ಕಪ್ಪು ಬಂಡೆಯ ಹಿಂದೆ ಬೀಳುತ್ತದೆ. ಅಲ್ಲಿ ಗುಣ ತೊಂಬತ್ತರ ಮೇಲಿರಬೇಕು. ಆ ಬಂಡೆಯಿಂದ ದಕ್ಷಿಣಕ್ಕಿಳಿಯುವ ಇಳಿಜಾರಿನ ಎರಡು ಅಳತೆಗಳು ಮಾತ್ರ ಯಾವ ಗೆರೆಗೂ ಕೂಡದೆ ಕಾಡಿದವು. ಅರವತ್ತರ ಮೇಲಿರಬೇಕಾದಲ್ಲಿ ಒಂದು ನಲವತ್ತೊಂದು, ಇನ್ನೊಂದು ಮೂವತ್ತೆಂಟು. ತೆಗೆದವನು ಹೊಸಬ. ದೋಷದ ಅಳತೆಗಳೆಂದು ಕೈಬಿಟ್ಟೆ. ಅವನ್ನು ಬಿಟ್ಟ ಮೇಲೆ ಚಿತ್ರ ಬಹಳ ಸುಂದರವಾಗಿದೆ. ಫೋಟೋ ಇದರೊಂದಿಗಿದೆ.

ಇಂದಿನಿಂದ ನಾವು ಬಂಡೆಯ ಬಳಿ ಕಾಯುತ್ತೇವೆ.

ಚಿತ್ತರಂಜನ


ಸೊಹಾರ್
೨೯ ಜನವರಿ ೨೦೨೬

ಸರ್,

ನೀವು ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ. ಪಪ್ಪ ಶನಿವಾರದಿಂದ ಫೋನಿನಲ್ಲಿ ಸರಿಯಾಗಿ ಮಾತಾಡುವುದಿಲ್ಲ. ಅಮ್ಮ ‘ಅವರನ್ನು ಕೇಳು’ ಎನ್ನುತ್ತಾರೆ, ಅವರು ‘ಮಾಸ್ಟ್ರನ್ನು ಕೇಳು’ ಎನ್ನುತ್ತಾರೆ. ನೀವು ‘ವಿಶೇಷವೇನೂ ಇಲ್ಲ’ ಎಂದು ಬರೆಯುತ್ತೀರಿ.

ಅವನು ಸಿಕ್ಕಿದ್ದಾನೆ ಅಲ್ಲವಾ? ಸಿಕ್ಕಿ, ‘ಅಕ್ಕನಿಗೆ ಹೇಳಬೇಡಿ’ ಎಂದಿದ್ದಾನೆ. ನಾನು ಪ್ರತಿ ಸಲ ಫೋನಿನಲ್ಲಿ ಮಾರ್ಕಿನ ವಿಷಯ ತೆಗೆಯುತ್ತಿದ್ದೆ. ಅದಕ್ಕೆ ನನ್ನ ಜೊತೆ ಮಾತು ಬೇಡ ಎನ್ನುತ್ತಿದ್ದಾನೆ. ಹಾಗಿದ್ದರೆ ಹಾಗೆಂದು ಹೇಳಿ ಸರ್. ಬದುಕಿದ್ದಾನೆ ಎಂದು ಒಂದು ಗೆರೆ ಬರೆಯಿರಿ. ಮಾತಾಡದಿದ್ದರೂ ನಡೆದೀತು.

ಅಶ್ಮಿತಾ


ವಾಮಂಜೂರು
೧ ಫೆಬ್ರುವರಿ ೨೦೨೬

ಮಗಳೇ,

ನಿನ್ನ ಪತ್ರ ಓದಿದ ಮೇಲೆ ಮುಚ್ಚಿಡುವ ಹಕ್ಕು ನನಗಿಲ್ಲ. ಆ ಶನಿವಾರ ಪೊಲೀಸರು ನಿನ್ನ ತಂದೆಯನ್ನು ಶವಾಗಾರಕ್ಕೆ ಕರೆದಿದ್ದರು. ಸಮುದ್ರದ ದಡಕ್ಕೆ ಒಬ್ಬ ಯುವಕನ ದೇಹ ಬಂದಿತ್ತು. ನಾನು ಜೊತೆಗೆ ಹೋದೆ. ಮುಖದಿಂದ ಗುರುತಿಸುವಂತಿರಲಿಲ್ಲ. ನಿನ್ನ ತಂದೆ ಕಾಲಿನ ಕಡೆಯ ಬಟ್ಟೆ ಸರಿಸಿ, ಪಾದ ನೋಡಿದರು. ಚಿಕ್ಕವನಾಗಿದ್ದಾಗ ಸೈಕಲ್ಲಿನ ಚೈನಿಗೆ ಸಿಕ್ಕಿದ ರೂಪೇಶನ ಹಿಮ್ಮಡಿಯ ಗಾಯದ ಕಲೆ ಅಲ್ಲಿರಲಿಲ್ಲ. “ನಮ್ಮವ ಅಲ್ಲ” ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತರು.

“ಇದೂ ಯಾರದ್ದೋ ಮಗ ಅಲ್ವಾ ಮಾಸ್ಟ್ರೇ” ಎಂದರು.

ನಾನೂ ಪಕ್ಕದಲ್ಲಿ ಕುಳಿತೆ.

ರೂಪೇಶ್ ಸಿಕ್ಕಿಲ್ಲ. ಜನವರಿ ಇಪ್ಪತ್ತರ ಬಳಿಕ ಅವನ ದೀಪ ಹತ್ತಿಯೂ ಇಲ್ಲ. ಆ ದೀಪವನ್ನು ಬೇಕೆಂದೇ ಆರಿಸಿಟ್ಟು ಆಡಲೂ ಆಗುತ್ತದೆ ಎಂದು ಮಕ್ಕಳು ಸಮಾಧಾನ ಹೇಳುತ್ತಾರೆ. ಕಪ್ಪು ಬಂಡೆಯ ಬಳಿ ವಾರವಿಡೀ ಕಾದೆವು. ಲೆಕ್ಕ ಸುಳ್ಳಾಗಲಿಲ್ಲ, ಅಲ್ಲಿ ತೊಂಬತ್ತಮೂರರ ಅದಿರು ನಿಜವಾಗಿಯೂ ಇತ್ತು. ಆದರೆ ಅದರ ಸುಳಿವು ಹಿಡಿದು ದೊಡ್ಡ ತಂಡಗಳು ಬಂದು ನಮ್ಮನ್ನು ಮತ್ತೆ ಮತ್ತೆ ಕೊಂದವು. ರೂಪೇಶ್ ಬರಲಿಲ್ಲ. ನಿನ್ನೆ ಕೂಟದ ಅಫ್ರೋಝ್, “ಸರ್, ನಾವು ಸುಮ್ಮನೆ ಸಾಯ್ತಾ ಇದ್ದೇವೆ” ಎಂದ. ಆಟದ ಮಾತೇ ಆದರೂ ಎಲ್ಲರೂ ಆಟ ಮುಚ್ಚಿ ಮನೆಗೆ ಹೊರಟರು.

ನನ್ನಲ್ಲಿ ಇನ್ನೊಂದು ಲೆಕ್ಕವಿಲ್ಲ ಅಶ್ಮಿತಾ. ಕೇಳಿದ್ದಕ್ಕೆಲ್ಲ ಉತ್ತರ ಸಿಗುತ್ತದೆ ಎಂದು ಮಕ್ಕಳಿಗೆ ಹೇಳುತ್ತ ಬಂದವನು ನಾನು. ಇಂದು ಕೂಟದಲ್ಲಿ ಸೀಮೆಸುಣ್ಣ ಹಿಡಿದು ಬರಿಯ ಬೋರ್ಡಿನೆದುರು ನಿಂತಿದ್ದೆ. ತೆಗೆದ ಎಲ್ಲ ಅಳತೆಗಳನ್ನು, ಕೈಬಿಟ್ಟವುಗಳನ್ನೂ ಸೇರಿಸಿ, ಇದರೊಂದಿಗೆ ಕಳುಹಿಸುತ್ತಿದ್ದೇನೆ. ನೀನು ಕೇಳಿದ್ದೆಯಲ್ಲ, ನೋಡುತ್ತ ಕೂರುತ್ತೇನೆಂದು.

ಚಿತ್ತರಂಜನ


ಸೊಹಾರ್
೩ ಫೆಬ್ರುವರಿ ೨೦೨೬

ಸರ್,

ಪಪ್ಪನ ಜೊತೆ ನೀವಿದ್ದಿರಿ. ಆ ಉಪಕಾರವನ್ನು ಹೇಗೆ ಬರೆಯುವುದೆಂದು ನನಗೆ ಗೊತ್ತಿಲ್ಲ. ಹಾಗಾಗಿ ಬರೆಯುವುದಿಲ್ಲ.

ಅಳತೆಗಳನ್ನು ನೋಡಿದೆ. ಒಂದು ಕೇಳಬೇಕಿತ್ತು. ನಮ್ಮ ಲ್ಯಾಬಿನಲ್ಲಿ ಒಬ್ಬ ರೋಗಿಯ ಹಿಮೋಗ್ಲೋಬಿನ್ ದಿನವೂ ಹನ್ನೆರಡು ಇದ್ದು ಒಂದು ಬೆಳಿಗ್ಗೆ ಎಂಟು ಬಂದರೆ ನಾವು ಅದನ್ನು ಎಸೆಯುವುದಿಲ್ಲ. ಮೊದಲು ಇನ್ನೊಮ್ಮೆ ಪರೀಕ್ಷೆ ಮಾಡುತ್ತೇವೆ. ಮತ್ತೂ ಎಂಟೇ ಬಂದರೆ ವಾರ್ಡಿಗೆ ಫೋನ್ ಮಾಡುತ್ತೇವೆ: ನಡುವೆ ಏನಾಯಿತು, ರಕ್ತ ಎಲ್ಲಿಗೆ ಹೋಯಿತು?

ನಿಮ್ಮ ನಲವತ್ತೊಂದು, ಮೂವತ್ತೆಂಟು ಎರಡೂ ಹತ್ತಿರ ಹತ್ತಿರ ಉಂಟು. ಎರಡೂ ಕಡಿಮೆಯೇ. ಅಲ್ಲಿದ್ದ ಅದಿರು ಎಲ್ಲಿಗೆ ಹೋಯಿತು ಸರ್? ಅಗೆದರೆ ಆ ಸಂಖ್ಯೆ ಇಳಿಯುತ್ತದಾ? ನನಗೆ ಆಟ ಗೊತ್ತಿಲ್ಲ. ಮಕ್ಕಳನ್ನು ಕೇಳಿ ನೋಡಿ.

ಅಶ್ಮಿತಾ


ವಾಮಂಜೂರು
೫ ಫೆಬ್ರುವರಿ ೨೦೨೬

ಅಶ್ಮಿತಾ,

ನಿನ್ನ ಪತ್ರ ಬಂದ ಗಳಿಗೆಯಲ್ಲಿಯೇ ಮೋಕ್ಷಿತನಿಗೆ ಫೋನ್ ಮಾಡಿದೆ. ಅಗೆದರೆ ಸಂಖ್ಯೆ ಇಳಿಯುತ್ತದೆಯೇ ಎಂದು ಕೇಳಿದೆ.

“ಇಳೀತದೆ ಸರ್. ನಾಲ್ಕು ದಿನದಲ್ಲಿ ಪುನಃ ತುಂಬ್ತದೆ.”

“ಮತ್ತೆ ಎಂತಕ್ಕೆ ಮಾರಾಯ ಹೇಳ್ಲಿಲ್ಲ?”

“ನೀವು ಅದು ತಪ್ಪು ಅಳತೆ ಅಂದ್ರಲ್ಲ ಸರ್. ನಾವು ಹೇಗೆ ಅಲ್ಲ ಅನ್ನುದು?”

ಆ ಎರಡು ಸಂಖ್ಯೆಗಳು ನನ್ನ ಸುಂದರ ಗೆರೆಗಳನ್ನು ಕೆಡಿಸುತ್ತಿದ್ದವೆಂದು ನಾನು ಅಳಿಸಿದೆ. ನಾನು ಅಳಿಸಿದೆನೆಂದು ಮಕ್ಕಳು ಸುಮ್ಮನಾದರು. ನಮ್ಮ ಕೂಟದಲ್ಲಿ ಮಾತ್ರ ಆಗಬಹುದಾದ ತಪ್ಪು ಇದು.

ಬುಧವಾರ ಎಲ್ಲರೂ ದಕ್ಷಿಣದ ಇಳಿಜಾರಿಗೆ ಹೋದರು. ಈ ಸಲ ನಾನು ಸೂತ್ರ ಹೇಳುವ ಸಂಖ್ಯೆಯನ್ನೂ ರಾಡ್ ಹೇಳುವ ಸಂಖ್ಯೆಯನ್ನೂ ಪಕ್ಕಪಕ್ಕ ಬರೆದು, ಒಂದರಲ್ಲಿ ಇನ್ನೊಂದನ್ನು ಕಳೆದೆ. ಹೆಚ್ಚಿನ ಕಡೆ ವ್ಯತ್ಯಾಸ ಸೊನ್ನೆಯ ಸುತ್ತಮುತ್ತ. ಒಂದು ಕಡೆ ಮಾತ್ರ ಇಪ್ಪತ್ತೇಳು ಕೊರತೆ. ಸ್ವಲ್ಪ ಹಿಂದೆ ಹದಿನೈದು, ಇನ್ನೂ ಹಿಂದೆ ಆರು. ತಂಡ ಅಗೆದಂತೆ ಅಗಲವಲ್ಲ. ಒಬ್ಬ ಮನುಷ್ಯನ ಗುದ್ದಲಿಯಷ್ಟೇ. ಅವನು ಅಗೆಯುತ್ತ ಮುಂದೆ ಸಾಗಿದ್ದಾನೆ, ಹಿಂದಿನ ಗುಂಡಿಗಳು ತುಂಬಿಕೊಳ್ಳುತ್ತ ಬಂದಿವೆ.

ಆ ಗುಂಡಿಗಳನ್ನು ಗೆರೆಯಿಂದ ಸೇರಿಸಿದೆ. ಎಲ್ಲವೂ ನನ್ನ ಚಿತ್ರದ ಒಂದೇ ಗೆರೆಯ ಮೇಲೆ ಬಿದ್ದವು. ಅರವತ್ತೈದರ ಗೆರೆ.

ಒಲೆಗೆ ಅರವತ್ತು ಸಾಕು. ‘ಬೇಕಾದುದಕ್ಕಿಂತ ಐದು ಹೆಚ್ಚು ಇಟ್ಟುಕೊಳ್ಳಿ, ಅಳತೆ ಸುಳ್ಳು ಹೇಳಬಹುದು’ ಎಂದು ನಾನು ಈ ಮಕ್ಕಳಿಗೆ ನೂರು ಸಲ ಹೇಳಿದ್ದೇನೆ. ಕಣ್ಣಿಗೆ ಕಾಣದ ಆ ಗೆರೆ ತಪ್ಪದೆ ಹಿಮದಲ್ಲಿ ನಡೆಯಲು ನಮ್ಮ ಲೆಕ್ಕ ಬಲ್ಲವನಿಗೆ ಮಾತ್ರ ಸಾಧ್ಯ. ನಾನು ಅವನನ್ನು ಶಿಖರದಲ್ಲಿ ಹುಡುಕಿದೆ. ಅವನು ಎಲ್ಲರೂ ಬರುವ ಶಿಖರ ಬಿಟ್ಟು, ಚಳಿಗೆ ಸಾಯದಷ್ಟು ಸಿಗುವ ದಾರಿಯಲ್ಲಿ ನಡೆಯುತ್ತಿದ್ದಾನೆ.

ಇಪ್ಪತ್ತೇಳರ ಕೊರತೆ ನಾಲ್ಕು ದಿನಕ್ಕಿಂತ ಹಳೆಯದಾಗಿರಲಾರದು. ನೀನು ಕೇಳಿದ ಒಂದು ಗೆರೆಯನ್ನು ಈಗ ಬರೆಯಬಲ್ಲೆ: ಈ ವಾರ ಅವನು ಬದುಕಿದ್ದಾನೆ.

ಅವನು ಮುಂದೆ ಅಗೆಯುವ ಜಾಗ ಗೆರೆಯ ಮೇಲೆಯೇ, ಒಣಮರದ ಬಳಿ ಬೀಳಬೇಕು. ಯಾರು ಹೋಗಬೇಕು ಎಂಬುದೇ ಪ್ರಶ್ನೆ. ನಮ್ಮಲ್ಲಿ ಯಾರನ್ನು ಕಂಡರೂ ಅವನು ಓಡಿಹೋಗುತ್ತಾನೆ.

ಚಿತ್ತರಂಜನ


ಸೊಹಾರ್
೯ ಫೆಬ್ರುವರಿ ೨೦೨೬

ಸರ್,

ನಿಮಗೆ ಹೇಳದೆ ನಾನೇ ಹೋದೆ. ಮನ್ವಿತಾ ಫೋನಿನಲ್ಲಿ ಆಟ ಹಾಕಿಸಿ, ನಡೆಯುವುದನ್ನು ಕಲಿಸಿ, ಒಣಮರದವರೆಗೆ ದಾರಿ ಹೇಳಿದಳು. ಅವಳನ್ನು ಬೈಯಬೇಡಿ.

ಶುಕ್ರವಾರ, ಶನಿವಾರ ಯಾರೂ ಬರಲಿಲ್ಲ. ನಿನ್ನೆ ಸಂಜೆ ಹಿಮದಲ್ಲಿ ಒಬ್ಬ ಬಂದ. ಮುಖ ಮುಚ್ಚಿತ್ತು, ಕೈಯಲ್ಲಿ ಗುದ್ದಲಿ. ನನ್ನ ಮೈಮೇಲೆ ಹೊದಿಕೆ ಇರಲಿಲ್ಲ. ಯಾರು ಎಂದು ಬರೆದ. ಹೊಸಬಳು, ಎಂತ ಮಾಡಬೇಕು ಗೊತ್ತಿಲ್ಲ ಎಂದು ಬರೆದೆ.

“ಅಲ್ಲಿ ನಿಲ್ಬೇಡಿ. ಹಂದಿ ಬರ್ತದೆ. ಬೆಂಕಿ ಹತ್ರ ಬನ್ನಿ.”

ಬೆಂಕಿ ಹಾಕಿದ. ಅವನ ಹತ್ತಿರ ಇದ್ದ ಒಂದೇ ಒಂದು ತುಪ್ಪಳದ ಕೋಟನ್ನು ನನ್ನ ಮುಂದೆ ಹಾಕಿದ. ರಾಡ್ ಹೇಗೆ ಚುಚ್ಚುವುದು, ಸಂಖ್ಯೆ ಏರುವ ದಿಕ್ಕು ಹೇಗೆ ಹಿಡಿಯುವುದು, ಎಲ್ಲವನ್ನೂ ನಿಧಾನದಲ್ಲಿ ಹೇಳಿದ. ಪರಿಚಯ ಇಲ್ಲದವರಿಗೆ ಇಷ್ಟು ತಾಳ್ಮೆಯಲ್ಲಿ ಹೇಳಿಕೊಡುವವನು, ಮನೆಯಲ್ಲಿ ಒಂದು ಮಾತು ಹೇಳಲಾರದೆ ಹೋದನಲ್ಲ ಎಂದು ಅನಿಸಿತು. ಇದನ್ನೆಲ್ಲ ಯಾರು ಕಲಿಸಿದ್ದು ಎಂದು ಕೇಳಿದೆ.

“ನಮ್ಮ ಸರ್ ಒಬ್ರು ಇದ್ರು.”

ಈಗ ಎಲ್ಲಿದ್ದಾರೆ ಎಂದೆ.

“ಅಲ್ಲೇ ಇದ್ದಾರೆ. ನಾನು ಇಲ್ಲ.”

ಆಮೇಲೆ ನನಗೆ ತಡೆಯಲು ಆಗಲಿಲ್ಲ. ‘ವನಸ್ ಆಂಡಾ?’ ಎಂದು ಬರೆದೆ.

ಅವನು ಅಲ್ಲಾಡಲಿಲ್ಲ. ಹಿಮ ಬೀಳುತ್ತಿತ್ತು. ಕೋಟು ನನ್ನ ಮೈಮೇಲೆ ಇತ್ತು. ಅವನು ಚಳಿಗೆ ಸಾಯುತ್ತಾನೇನೋ ಎಂದು ನಾನು ಕೋಟು ಕಳಚುವ ಗುಂಡಿ ಹುಡುಕುತ್ತಿದ್ದೆ, ಸಿಗಲಿಲ್ಲ. ಆಗ ‘ಅಕ್ಕ?’ ಎಂದು ಬಂತು. ನಾನು ಉತ್ತರ ಬರೆಯುವುದರೊಳಗೆ ಅವನು ಅಲ್ಲಿರಲಿಲ್ಲ. ಆಟದಿಂದಲೇ ಹೋಗಿದ್ದ.

ಇವತ್ತು ಇಡೀ ದಿನ ಬರಲಿಲ್ಲ. ಬೆಂಕಿಯೂ ಆರಿತು. ಕೈಗೆ ಸಿಕ್ಕವನನ್ನು ನಾನೇ ಓಡಿಸಿದೆ ಸರ್. ಸುಮ್ಮನೆ ಹೊಸಬಳಾಗಿಯೇ ಇದ್ದಿದ್ದರೆ ದಿನಾ ಬರುತ್ತಿದ್ದನೇನೋ. ಹೆದರಿಕೆಯಲ್ಲಿ ಏನಾದರೂ ಮಾಡಿಕೊಂಡರೆ? ಏನು ಮಾಡಲಿ?

ಅಶ್ಮಿತಾ


ವಾಮಂಜೂರು
೧೦ ಫೆಬ್ರುವರಿ ೨೦೨೬

ಮಗಳೇ,

ನೀನು ಓಡಿಸಲಿಲ್ಲ. ಅವನ ಕಿವಿಗೆ ಬೀಳಬೇಕಾಗಿದ್ದ ಒಂದೇ ಪ್ರಶ್ನೆಯನ್ನು ನೀನು ಕೇಳಿದೆ. ಉತ್ತರಕ್ಕೆ ಅವನಿಗೆ ಸಮಯ ಬೇಕು. ಮಕ್ಕಳಿಗೆ ಹೇಳಿದ್ದೇನೆ, ಒಣಮರದ ಬಳಿ ಪಾಳಿಯಲ್ಲಿ ಹೋಗಿ ಬೆಂಕಿ ಆರದಂತೆ ನೋಡಿಕೊಳ್ಳಬೇಕು, ಕಟ್ಟಿಗೆ ಹಾಕಿ ಅಲ್ಲಿಂದ ಹೊರಟುಬರಬೇಕು, ಯಾರೂ ಕಾಯುತ್ತ ನಿಲ್ಲಬಾರದು. ನೀನು ಫೋನನ್ನು ಕೈಯ ಹತ್ತಿರ ಇಟ್ಟುಕೊ. ಅವನಿಗೆ ನಿನ್ನ ನಂಬರ್ ಬಾಯಿಪಾಠವಿದೆ. ನಾನೇ ಒಮ್ಮೆ ಕೂಟದಲ್ಲಿ ಅದನ್ನು ಮೂರರಿಂದ ಭಾಗಿಸಲು ಕೊಟ್ಟಿದ್ದೆ.

ಚಿತ್ತರಂಜನ


ಸೊಹಾರ್
೧೨ ಫೆಬ್ರುವರಿ ೨೦೨೬

ಸರ್,

ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದೆ. ಮಾತಿಲ್ಲ. ಹಿಂದೆ ಯಂತ್ರದ ಸದ್ದು, ಯಾರೋ ಗೋಣಿ ಎಳೆಯುವ ಸದ್ದು, ಕಾಗೆ. ನಾನೂ ಸುಮ್ಮನೆ ಇದ್ದೆ. ಮಾರ್ಕು ಕೇಳಲಿಲ್ಲ, ಎಲ್ಲಿದ್ದೀ ಎಂದು ಕೇಳಲಿಲ್ಲ. ತುಂಬ ಹೊತ್ತಿನ ಮೇಲೆ ಅವನೇ ಹೇಳಿದ.

“ಇಜ್ಜಿ ಅಕ್ಕ.”

ಆಗಲಿಲ್ಲ ಎಂದು. ಊಟ ಆಗಲಿಲ್ಲ ಎಂದು. ಸರ್, ಅವನು ಇಷ್ಟು ದಿನದಲ್ಲಿ ನನಗೆ ಹೇಳಿದ ಮೊದಲ ನಿಜ ಅದು.

ಮಲ್ಪೆಯಲ್ಲಿ ಒಂದು ಐಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿಯೇ ಮಲಗುತ್ತಾನಂತೆ. ಒಂದು ದಿನ ಸಮುದ್ರದ ಕಡೆಗೆ ಹೋಗಿದ್ದೆ, ತಿರುಗಿ ಬಂದೆ ಎಂದ. ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾನು ಕೇಳಲಿಲ್ಲ. ಕೆಲಸ ಮುಗಿಸಿ, ಜೊತೆಯವನ ಫೋನಿನಲ್ಲಿ, ಆಟದಲ್ಲಿ ಅಗೆಯಲು ಹೋಗುತ್ತಿದ್ದದ್ದು ಯಾಕೆ ಎಂದರೆ, ಅಲ್ಲಿ ಒಂದು ದಿನ ಒಲೆ ಆರಿದರೂ ಸಾಯುತ್ತೇವಲ್ಲ, ಅದಕ್ಕೆ ನಾಳೆ ಬರಲೇಬೇಕು ಎಂದು ಇರುತ್ತಿತ್ತು ಅಕ್ಕ ಎಂದ. ಆ ಆಟ ಅವನನ್ನು ತಿಂದಿತು ಎಂದು ನಾನು ಬರೆದಿದ್ದೆ. ತಿಂದಿರಬಹುದು. ಹಿಡಿದುಕೊಂಡದ್ದೂ ಅದೇ.

ಪಪ್ಪನಿಗೆ ಕೋಪ ಉಂಟಾ ಎಂದು ಕೇಳಿದ. ಪಪ್ಪನನ್ನು ಕರೆದುಕೊಂಡು ನೀವೇ ಹೋಗಿ ಅವನಿಗೆ ಹೇಳಿ ಸರ್. ಫೋನಿನಲ್ಲಿ ಬೇಡ.

ಅಶ್ಮಿತಾ


ವಾಮಂಜೂರು
೧೫ ಫೆಬ್ರುವರಿ ೨೦೨೬, ಭಾನುವಾರ

(ಮನ್ವಿತಾ ಓದಿ ಹೇಳಲಿ. ಒಂದು ಪ್ರತಿ ಅಶ್ಮಿತಾಳಿಗೆ.)

ಮನ್ವಿತಾ, ಮೋಕ್ಷಿತ್, ಅಫ್ರೋಝ್, ಅಶ್ಮಿತಾ, ಮತ್ತು ಕೂಟದ ಉಳಿದೆಲ್ಲರೇ,

ನಿನ್ನೆ ಬೋಜ ಅವರೂ ನಾನೂ ಬಸ್ಸಿನಲ್ಲಿ ಮಲ್ಪೆಗೆ ಹೋದೆವು. ಅವರ ಮಡಿಲಲ್ಲಿ ಟಿಫಿನ್ ಕ್ಯಾರಿಯರ್ ಇತ್ತು. ಉಡುಪಿಯವರೆಗೆ ಅವರು ಅದನ್ನು ಕೆಳಗಿಡಲಿಲ್ಲ. ಐಸ್ ಪ್ಲಾಂಟಿನ ಗೇಟಿನೆದುರು, ಒಳಗೆ ಯಾರನ್ನೂ ಕೇಳದೆ, ನೆರಳಿಲ್ಲದ ಕಡೆ ನಿಂತೆವು. ಊಟದ ಬಿಡುವಿಗೆ ಹೊರಬಂದ ರೂಪೇಶ್ ನಮ್ಮನ್ನು ಕಂಡು ನಿಂತಲ್ಲೇ ನಿಂತ. ತೆಳ್ಳಗಾಗಿದ್ದಾನೆ. ಬೋಜ ಅವರು ಕಟ್ಟೆಯ ಮೇಲೆ ಕುಳಿತು ಕ್ಯಾರಿಯರ್ ಬಿಚ್ಚಿ, ಕುಚ್ಚಲಕ್ಕಿ ಅನ್ನದ ಮೇಲೆ ಬಂಗುಡೆ ಮೀನಿನ ಸಾರು ಹಾಕಿ, ಮುಂದಕ್ಕೆ ಸರಿಸಿದರು. “ಉಣ್” ಎಂದರು. ಅವನು ಉಂಡ. ನಾವು ಮೀನಿನ ದೋಣಿಗಳನ್ನು ನೋಡುತ್ತ ಕುಳಿತೆವು.

ಕೈ ತೊಳೆದು ಬಂದ ಮೇಲೆ ನನ್ನ ಕಡೆ ನೋಡದೆ ಕೇಳಿದ: “ಸರ್, ನೀವು ಉತ್ತರದ ಬಂಡೆಗೆ ಎಂತಕ್ಕೆ ಹೋದದ್ದು? ಅಲ್ಲಿಗೆ ಎಲ್ರೂ ಬರ್ತಾರಲ್ಲ.”

ಮುಂದಿನ ಸಲ ನೀನೇ ಗೆರೆ ಎಳೆ ಎಂದೆ.

ನಮ್ಮೊಂದಿಗೆ ಬಸ್ಸು ಹತ್ತಲಿಲ್ಲ. ಇಂದು ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಪಾಳಿ ಎರಡು ಗಂಟೆಗೆ ಮುಗಿಯುತ್ತದೆ ಎಂದಷ್ಟೇ ಹೇಳಿದ. ಬಿಟ್ಟ ಸೆಮಿಸ್ಟರನ್ನು ಮತ್ತೆ ಓದುವ ದಾರಿಯಿದೆ ಎಂದು ಅವನ ಕಾಲೇಜಿನಲ್ಲಿ ವಿಚಾರಿಸಿ ಬಂದಿದ್ದೇನೆ. ಆದರೆ ಅದನ್ನು ಅವನು ಕೇಳಿದ ದಿನ ಹೇಳುತ್ತೇನೆ. ನೀವು ಯಾರೂ ಮೊದಲೇ ಎತ್ತಬೇಡಿ. ಎಲ್ಲಿದ್ದೆ, ಯಾಕೆ ಹೋದೆ ಎಂದೂ ಕೇಳಬೇಡಿ. ಇಷ್ಟು ದಿನ ಬೆಂಕಿ ಕಾದ ನಿಮಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಸಂಜೆ ಆರಕ್ಕೆ ಹಳೆಯ ದ್ವೀಪ ಅಳಿಸಿಹೋಗಿ ಹೊಸದು ಹುಟ್ಟುತ್ತದೆ. ಎಲ್ಲರೂ ಬರಿಗೈಯಲ್ಲಿ, ಬರಿಮೈಯಲ್ಲಿ ಆರಂಭಿಸುತ್ತೇವೆ. ಯಾವ ಶಿಖರ ಎಲ್ಲಿದೆಯೆಂದು ನನಗೂ ತಿಳಿಯದು. ಬೋರ್ಡಿನ ಮೇಲೆ ಒಂದು ನಿಯಮವನ್ನು ದೊಡ್ಡದಾಗಿ ಬರೆಯಿರಿ: ಕೂಡದ ಅಳತೆಯನ್ನು ಅಳಿಸುವವರು, ಅದು ಸರ್ ಆದರೂ, ಮೊದಲು ಕೂಟವನ್ನು ಕೇಳಬೇಕು.

ನಾನು ಎಡ್ವಿನ್ ಅವರ ಅಂಗಡಿಯೆದುರಿನ ಬಸ್‌ಸ್ಟಾಪಿನಲ್ಲಿರುತ್ತೇನೆ. ಮಲ್ಪೆಯ ಕಡೆಯಿಂದ ಬರುವವರು ಇಳಿಯುವುದು ಅಲ್ಲಿಯೇ. ಕಿಟಕಿಯ ಪಕ್ಕದ ಕುರ್ಚಿಯನ್ನು ಖಾಲಿ ಬಿಡಿ, ಬಾಗಿಲನ್ನು ತೆರೆದಿಡಿ. ನಮಗಾಗಿ ಕಾಯುತ್ತ ಕೂರಬೇಡಿ. ಒಳಗೆ ಬರುವವನಿಗೆ ಕೆಲಸ ನಡೆಯುತ್ತಿರುವುದು ಕಾಣಲಿ. ಹಾಳೆ ಹರಡಿ, ರಾಡ್ ಎತ್ತಿಕೊಳ್ಳಿ, ಮೊದಲ ಅಳತೆ ತೆಗೆಯಿರಿ.

ಚಿತ್ತರಂಜನ ಶೆಟ್ಟಿ